ಗೋದಾಮಿನಲ್ಲಿ ಏನೂ ಬದಲಾಗಿಲ್ಲ. ನವೀಕರಣಕ್ಕೆ ಹಳೆಯ ಅರ್ಜಿಯ ನಕಲು ಸಾಲದೆ?

ಪ್ರಶ್ನೆ: ನಮ್ಮದು ಬಣ್ಣ, ಥಿನ್ನರ್ ಹಾಗೂ ಶುಚಿಗೊಳಿಸುವ ರಾಸಾಯನಿಕಗಳ ಸಗಟು ವ್ಯಾಪಾರ. ಅಪಾಯಕಾರಿ ವಸ್ತುಗಳನ್ನು ದಾಸ್ತಾನು ಮಾಡಲು ಪಡೆದ ಪರವಾನಗಿಯ ಅವಧಿ ಕೆಲವೇ ತಿಂಗಳಲ್ಲಿ ಮುಗಿಯಲಿದೆ. ಕಳೆದ ಸಲ ಅರ್ಜಿ ಕೊಟ್ಟ ಮೇಲೆ ಗೋದಾಮಿನಲ್ಲಿ ಏನೂ ಬದಲಾಗಿಲ್ಲ. ಹಳೆಯ ಅರ್ಜಿಯಲ್ಲಿ ದಿನಾಂಕ ಮಾತ್ರ ತಿದ್ದಿ, ಶುಲ್ಕ ಕಟ್ಟಿದರೆ ಸಾಲದೆ?

ಉತ್ತರ: ಸಾಲದು. ದಾಸ್ತಾನು ಪರವಾನಗಿಯನ್ನು ಕೊಡುವುದು ಇಂಥ ಕಟ್ಟಡದಲ್ಲಿ, ಇಂಥ ವಸ್ತುಗಳನ್ನು, ಇಷ್ಟು ಪ್ರಮಾಣಕ್ಕೆ ಮೀರದಂತೆ, ಈ ನಕ್ಷೆಯ ಪ್ರಕಾರ ಇಡುತ್ತೇವೆ ಎಂದು ನೀವು ಬರೆದುಕೊಟ್ಟ ವಿವರದ ಮೇಲೆ. ಆ ವಿವರ ಇವತ್ತಿಗೂ ನಿಜವೇ ಎಂಬುದೊಂದೇ ನವೀಕರಣದ ವೇಳೆ ಕೇಳುವ ಪ್ರಶ್ನೆ. ಆದ್ದರಿಂದ ಅರ್ಜಿ ತುಂಬಲು ಕೂರುವ ಮೊದಲು, ಹಳೆಯ ನಕ್ಷೆಯನ್ನು ಕೈಯಲ್ಲಿ ಹಿಡಿದು ಗೋದಾಮಿನ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ ನಿಧಾನವಾಗಿ ನಡೆಯಿರಿ. ಏನೂ ಬದಲಾಗಿಲ್ಲ ಎಂಬ ಮಾತನ್ನು ಆಮೇಲೆ ಹೇಳಬಹುದು.

ಇದೇ ಮಾತನ್ನು ನನಗೆ ಒಬ್ಬ ಮಾಲೀಕರು ಪೂರ್ಣ ನಂಬಿಕೆಯಿಂದ ಹೇಳಿದ್ದರು. ಅವರ ನಕ್ಷೆಯಲ್ಲಿ ಆಸಿಡ್ ಒಂದು ತುದಿಗೆ, ಬ್ಲೀಚಿಂಗ್ ದ್ರಾವಣ ಇನ್ನೊಂದು ತುದಿಗೆ ಇತ್ತು. ಒಳಗೆ ಹೋಗಿ ನೋಡಿದರೆ ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನುಗಳಿಂದ ಎರಡು ಮಾರು ದೂರದಲ್ಲಿ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಆ ಬ್ಲೀಚಿಂಗ್ ದ್ರಾವಣದ, ಕ್ಯಾನುಗಳ ಸಾಲು ನಿಂತಿತ್ತು. ಇವೆರಡೂ ಸೋರಿ ಒಂದಾದರೆ ಹುಟ್ಟುವುದು ವಿಷಕಾರಿಯಾದ ಕ್ಲೋರಿನ್ ಅನಿಲ. ಹಾಗೆ ಇಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ಲೋಡ್ ಮಾಡಲು ಬಾಗಿಲಿಗೆ ಹತ್ತಿರವಿರಲಿ ಎಂದು ವಾರಕ್ಕೆ ನಾಲ್ಕಾರು ಕ್ಯಾನು ಸರಿದು ಸರಿದು ಅಲ್ಲಿಗೆ ಬಂದು ನಿಂತಿದ್ದವು. ಹೊರಗೆ ಡ್ರಮ್ಮುಗಳ ಸುತ್ತ, ಸೋರಿದ್ದು ಹರಿದುಹೋಗದಂತೆ ಕಟ್ಟಿದ ತಡೆಕಟ್ಟೆ ಗಟ್ಟಿಯಾಗಿಯೇ ಇತ್ತು, ಆದರೆ ಮಳೆನೀರು ಬಿಡಲು ತೆರೆದಿದ್ದ ಅದರ ವಾಲ್ವನ್ನು ಮತ್ತೆ ಮುಚ್ಚಿರಲಿಲ್ಲ. ವಾಲ್ವಿನ ಹಿಡಿಗೆ ಜೇಡರ ಬಲೆ ಕಟ್ಟಿತ್ತು. ಅಲ್ಲಿ ಒಂದು ಡ್ರಮ್ ಒಡೆದಿದ್ದರೆ ಅದರಲ್ಲಿದ್ದದ್ದೆಲ್ಲ ನೇರವಾಗಿ ಚರಂಡಿ ಸೇರುತ್ತಿತ್ತು. ಆ ಮಾಲೀಕರು ಸುಳ್ಳು ಹೇಳಿರಲಿಲ್ಲ, ದಿನವೂ ನೋಡುವ ಜಾಗವನ್ನು ನಕ್ಷೆಯೊಂದಿಗೆ ಹೋಲಿಸಿ ನೋಡಿರಲಿಲ್ಲ, ಅಷ್ಟೇ.

ನಿಮ್ಮ ವ್ಯಾಪಾರದಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಥಿನ್ನರನ್ನು. ಅದು ಒಂದೇ ರಾಸಾಯನಿಕದ ಹೆಸರಲ್ಲ, ಹಲವು ದ್ರಾವಕಗಳ ಮಿಶ್ರಣಕ್ಕೆ ಇಟ್ಟ ವ್ಯಾಪಾರದ ಹೆಸರು. ಪೂರೈಕೆದಾರರನ್ನು ಬದಲಿಸಿದಾಗ ಡಬ್ಬಿಯ ಮೇಲಿನ ಹೆಸರು ಅದೇ ಇದ್ದು ಒಳಗಿನ ಮಿಶ್ರಣ ಬೇರೆಯಾಗಬಹುದು. ಯಾವ ಕನಿಷ್ಠ ಉಷ್ಣತೆಯಲ್ಲಿ ದ್ರವದಿಂದ ಏಳುವ ಆವಿಗೆ ಕಿಡಿ ತಗುಲಿದರೆ ಬೆಂಕಿ ಹೊತ್ತುತ್ತದೆಯೋ ಅದನ್ನು ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಅಸಿಟೋನಿಗೆ ಅದು ಸೊನ್ನೆಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದರೆ, ಡೀಸೆಲ್‌ಗೆ ಸೊನ್ನೆಗಿಂತ ಬಹಳ ಮೇಲಿರುತ್ತದೆ. ಮಿಶ್ರಣದಲ್ಲಿ ಅಸಿಟೋನಿನ ಪಾಲು ಹೆಚ್ಚಾದರೆ ಆ ಸರಕು ಹೆಚ್ಚು ಅಪಾಯದ ವರ್ಗಕ್ಕೆ ಸೇರಬಹುದು, ಆಗ ನಿಮಗಿರುವ ಪ್ರಮಾಣದ ಮಿತಿಯೂ ಬದಲಾಗಬಹುದು. ಆದ್ದರಿಂದ ಈಗ ಸರಕು ಕೊಡುತ್ತಿರುವವರಿಂದಲೇ ಪ್ರತಿ ವಸ್ತುವಿನ ಸುರಕ್ಷತಾ ಮಾಹಿತಿ ಪತ್ರವನ್ನು, ಅಂದರೆ ಎಸ್‌ಡಿಎಸ್ ಅನ್ನು, ಹೊಸದಾಗಿ ತರಿಸಿಕೊಳ್ಳಿ. ರಾಸಾಯನಿಕಗಳ ಅಪಾಯವನ್ನು ವರ್ಗೀಕರಿಸುವ ವಿಶ್ವಸಂಸ್ಥೆಯ ಜಿಎಚ್‌ಎಸ್ ಪದ್ಧತಿಯಂತೆ ಅದರಲ್ಲಿ 16 ಭಾಗಗಳಿರುತ್ತವೆ. ನಿಮ್ಮ ಕೆಲಸಕ್ಕೆ ಮುಖ್ಯವಾದವು ಅಪಾಯದ ವರ್ಗವನ್ನು ತಿಳಿಸುವ 2ನೆಯದು, ಬೆಂಕಿ ನಂದಿಸುವ ವಿಧಾನದ 5ನೆಯದು, ದಾಸ್ತಾನಿನ ಕ್ರಮ ಹೇಳುವ 7ನೆಯದು, ಮತ್ತು ಯಾವುದರ ಜೊತೆ ಇಡಬಾರದೆಂದು ಹೇಳುವ 10ನೆಯದು. ಈ ನಾಲ್ಕನ್ನು ಓದಿ ಹಳೆಯ ಪತ್ರದೊಂದಿಗೆ ತಾಳೆ ನೋಡಿದರೆ, ಬದಲಾದದ್ದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಪ್ರಮಾಣದ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಪರವಾನಗಿಯಲ್ಲಿರುವ ಅಂಕಿ ಯಾವುದೇ ಒಂದು ದಿನ, ಯಾವುದೇ ಒಂದು ಗಳಿಗೆಯಲ್ಲಿ ಗೋದಾಮಿನಲ್ಲಿ ಇರಬಹುದಾದ ಗರಿಷ್ಠ ಪ್ರಮಾಣ; ತಿಂಗಳ ಸರಾಸರಿ ಅದರೊಳಗೆ ಇದ್ದರೆ ಸಾಕಾಗುವುದಿಲ್ಲ. ದಾಸ್ತಾನು ಪುಸ್ತಕ ತೆರೆದು, ಬೇಡಿಕೆ ಹೆಚ್ಚಿರುವ ಕಾಲದಲ್ಲಿ ಎರಡು ಲಾರಿ ಒಂದೇ ದಿನ ಬಂದಿಳಿದ ದಿನಾಂಕವನ್ನು ಹುಡುಕಿ, ಅಂದಿನ ಒಟ್ಟು ಎಷ್ಟಿತ್ತು ನೋಡಿ. ಖಾಲಿ ಡ್ರಮ್ಮುಗಳನ್ನೂ ಮರೆಯಬೇಡಿ. ದ್ರಾವಕ ಖಾಲಿಯಾದರೂ ಒಳಗೆ ಅದರ ಆವಿ ಗಾಳಿಯೊಡನೆ ಬೆರೆತು ನಿಂತಿರುತ್ತದೆ, ಅಂಥ ಡ್ರಮ್ ತುಂಬಿದ ಡ್ರಮ್ಮಿಗಿಂತ ಸುಲಭವಾಗಿ ಸಿಡಿಯಬಲ್ಲದು. ತಡೆಕಟ್ಟೆಗೂ ಒಂದು ಲೆಕ್ಕವಿದೆ: ಒಳಗಿರುವ ಅತಿ ದೊಡ್ಡ ಪಾತ್ರೆ ಪೂರ್ತಿ ಸೋರಿದರೂ ಹಿಡಿದಿಡಲು ಅದರ 110 ಶೇಕಡಾದಷ್ಟು ಜಾಗ ಬೇಕೆಂಬುದು ಅನೇಕ ಕಡೆ ಪಾಲಿಸುವ ಅಳತೆ. ಇನ್ನೂರು ಲೀಟರ್ ಡ್ರಮ್ಮಿನ ಕಾಲದಲ್ಲಿ ಕಟ್ಟಿದ ಕಟ್ಟೆಯೊಳಗೆ ಈಗ ಸಾವಿರ ಲೀಟರಿನ ಟ್ಯಾಂಕ್ ಕೂತಿದ್ದರೆ, ಅದು ಖಂಡಿತವಾಗಿಯೂ ಬದಲಾವಣೆ.

ಬದಲಾಗದೆ ಇರುವುದೇ ಸುರಕ್ಷತೆ ಎಂದು ತಿಳಿಯುವುದೂ ತಪ್ಪು. ಲೆಬನಾನಿನ ಬೈರೂತ್ ಬಂದರಿನ 12ನೆಯ ಗೋದಾಮಿನಲ್ಲಿ, ಗೊಬ್ಬರಕ್ಕೂ ಸ್ಫೋಟಕಕ್ಕೂ ಬಳಸುವ ಅಮೋನಿಯಂ ನೈಟ್ರೇಟ್ 2,750 ಟನ್ 2014ರಿಂದ ಹಾಗೆಯೇ ಬಿದ್ದಿತ್ತು. ಅದರ ಬಗ್ಗೆ ಕಚೇರಿಯಿಂದ ಕಚೇರಿಗೆ ಪತ್ರಗಳು ಓಡಾಡಿದವು, ಸರಕು ಕದಲಲಿಲ್ಲ. 2020ರ ಆಗಸ್ಟ್ 4ರಂದು ಅದು ಸ್ಫೋಟಿಸಿ 200ಕ್ಕೂ ಹೆಚ್ಚು ಜನ ಸತ್ತರು. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಇಂಧನ ಸಂಗ್ರಹಾಗಾರದಲ್ಲಿ 2005ರ ಡಿಸೆಂಬರ್ 11ರಂದು ಪೆಟ್ರೋಲ್ ಟ್ಯಾಂಕಿನ ಮಟ್ಟ ತೋರಿಸುವ ಮಾಪಕ ಒಂದೇ ಅಂಕಿಯಲ್ಲಿ ಸಿಕ್ಕಿಕೊಂಡಿತ್ತು, ತುಂಬಿದಾಗ ತಾನಾಗಿ ನಿಲ್ಲಿಸಬೇಕಿದ್ದ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಟ್ಯಾಂಕ್ ಉಕ್ಕಿ ಹರಿದು ಆವಿಯ ಮೋಡಕ್ಕೆ ಬೆಂಕಿ ಹತ್ತಿತು. ಉಪಕರಣ ಇದ್ದ ಜಾಗದಲ್ಲಿ ಇದೆ ಎಂದು ಬರೆದುಕೊಟ್ಟರೆ ಸಾಲದು, ಯಾವ ದಿನ ಪರೀಕ್ಷಿಸಿದಿರಿ, ಏನು ಕಂಡಿತು ಎಂಬ ದಾಖಲೆಯನ್ನು ಇನ್‌ಸ್ಪೆಕ್ಟರ್ ಕೇಳುವುದು ಇದಕ್ಕಾಗಿಯೇ.

ಕಾಗದಪತ್ರಗಳ ವಿಷಯ ಚಿಕ್ಕದು. ಎಷ್ಟು ದಿನ ಮುಂಚೆ ಅರ್ಜಿ ಕೊಡಬೇಕು ಎಂಬುದು ನಿಮಗೆ ಅನ್ವಯಿಸುವ ನಿಯಮದಲ್ಲಿ ಅಥವಾ ಪರವಾನಗಿಯ ಷರತ್ತುಗಳಲ್ಲಿ ಇರುತ್ತದೆ. ಆ ಗಡುವಿನಿಂದ ಹಿಂದಕ್ಕೆ ಎಣಿಸಿ, ಅಗ್ನಿಸುರಕ್ಷತೆಯ ಪ್ರಮಾಣಪತ್ರ, ವಿಮೆ, ವಿದ್ಯುತ್ ತಪಾಸಣೆ, ಸಿಬ್ಬಂದಿಯ ತರಬೇತಿ ದಾಖಲೆ ಇವುಗಳಲ್ಲಿ ಯಾವುದರ ಅವಧಿ ಮೊದಲು ಮುಗಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ಅರ್ಜಿ ನಿಂತುಹೋಗುವುದು ಹೆಚ್ಚಾಗಿ ಇಂಥ ಒಂದು ಪತ್ರಕ್ಕಾಗಿ. ಅವಧಿ ಮುಗಿದ ಪರವಾನಗಿಯಲ್ಲಿ ದಾಸ್ತಾನು ಇಟ್ಟುಕೊಂಡರೆ ದಂಡದ ಜೊತೆಗೆ ವಿಮೆಯ ಹಣವೂ ಕೈತಪ್ಪಬಹುದು.

ನಡೆದು ನೋಡಿದಾಗ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ, ಮುಚ್ಚಿಡಲೂ ಬೇಡಿ. ಸರಕು ತನ್ನ ಜಾಗ ಬಿಟ್ಟು ಸರಿದಿದ್ದರೆ ಸ್ವಸ್ಥಾನಕ್ಕೆ ಒಯ್ದರಾಯಿತು. ಹೊಸ ವಸ್ತು ಸೇರಿದ್ದರೆ, ಮಿತಿ ಹೆಚ್ಚಿಸಬೇಕಿದ್ದರೆ, ಒಳಗೊಂದು ಗೋಡೆ ಎದ್ದಿದ್ದರೆ ಅಥವಾ ಜವಾಬ್ದಾರಿ ಹೊತ್ತವರು ಬದಲಾಗಿದ್ದರೆ ಸಾಮಾನ್ಯವಾಗಿ ಬರೀ ನವೀಕರಣದಿಂದ ಆಗುವುದಿಲ್ಲ, ಪರವಾನಗಿಗೆ ತಿದ್ದುಪಡಿಯನ್ನೂ ಕೇಳಬೇಕಾಗುತ್ತದೆ. ಅದಕ್ಕೆ ಹೆಚ್ಚು ಸಮಯ ಹಿಡಿಯುವುದರಿಂದ ಮೊದಲು ಆ ಅರ್ಜಿ ಹೋಗಲಿ. ತಪಾಸಣೆಯ ದಿನಕ್ಕೆಂದು ಹೆಚ್ಚುವರಿ ಡ್ರಮ್ಮುಗಳನ್ನು ಪಕ್ಕದ ಶೆಡ್ಡಿಗೆ ಸಾಗಿಸುವ ಕೆಲಸವನ್ನು ಮಾತ್ರ ಎಂದಿಗೂ ಮಾಡಬೇಡಿ. ಪರವಾನಗಿಯಿಲ್ಲದ, ತಡೆಕಟ್ಟೆಯಿಲ್ಲದ, ಯಾವ ನಕ್ಷೆಯಲ್ಲೂ ಇಲ್ಲದ ಜಾಗಕ್ಕೆ ಹೋದ ಸರಕು ಬೆಂಕಿ ನಂದಿಸಲು ಬಂದವರ ಪಾಲಿಗೆ ಕಾಣದ ಸರಕು.

ಅವರಿಗಾಗಿ ಇನ್ನೊಂದು ಕೆಲಸವಿದೆ. ತಿದ್ದಿದ ನಕ್ಷೆ ಮತ್ತು ದಾಸ್ತಾನು ಪಟ್ಟಿಯ ಒಂದು ಪ್ರತಿಯನ್ನು ಗೇಟಿನ ಬಳಿ, ನೀರು ತಾಗದ ಪೆಟ್ಟಿಗೆಯಲ್ಲಿ ಇಡಿ. ಅರ್ಧರಾತ್ರಿಯಲ್ಲಿ ಕಾವಲುಗಾರ ಒಬ್ಬನೇ ಇರುವಾಗ, ಯಾವ ಮೂಲೆಗೆ ನೀರು ಹಾಯಿಸಬಾರದು, ಯಾವುದಕ್ಕೆ ನೊರೆ ಬೇಕು ಎಂಬುದನ್ನು ಅಗ್ನಿಶಾಮಕ ದಳದವರು ಆ ಹಾಳೆಯಿಂದಲೇ ಓದಿಕೊಳ್ಳಬೇಕಾಗುತ್ತದೆ.