ಬೀಗದ ಕೈ ಯಾರ ಹತ್ತಿರ ಇರಬೇಕು?

1936ರಲ್ಲಿ ಸೋವಿಯತ್ ಒಕ್ಕೂಟ ಹೊಸ ಸಂವಿಧಾನವನ್ನು ಒಪ್ಪಿಕೊಂಡಿತು. ಅದರ 125ನೇ ವಿಧಿಯಲ್ಲಿ ಎಲ್ಲವೂ ಇತ್ತು: ಮಾತಿನ ಸ್ವಾತಂತ್ರ್ಯ, ಪತ್ರಿಕೆಗಳ ಸ್ವಾತಂತ್ರ್ಯ, ಸಭೆ ಸೇರುವ, ಮೆರವಣಿಗೆ ಹೋಗುವ ಸ್ವಾತಂತ್ರ್ಯ. ಅದರ ಕರಡು ಬರೆದವರಲ್ಲಿ ಕಮ್ಯುನಿಸ್ಟ್ ನಾಯಕ ನಿಕೊಲಾಯ್ ಬುಖಾರಿನ್ ಕೂಡ ಒಬ್ಬರು. 1938ರ ಮಾರ್ಚ್‌ನಲ್ಲಿ ಸರ್ಕಾರ ಅವರನ್ನೇ ಗುಂಡಿಟ್ಟು ಕೊಂದಿತು.

ಸಂವಿಧಾನ ಅಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಸಾವು. ಹಕ್ಕುಗಳ ಪಟ್ಟಿ ಎಷ್ಟು ಉದ್ದ ಇದೆ ಅನ್ನುವುದಕ್ಕಿಂತ, ಅಧಿಕಾರದಲ್ಲಿ ಇರುವವರು ಅದನ್ನು ಮೀರಿದಾಗ ‘ನಿಲ್ಲಿ’ ಅನ್ನುವವರು ಯಾರು ಅನ್ನುವುದು ಮುಖ್ಯ. ಹಾಗೆ ಅನ್ನಬೇಕಾದವರ ಕೆಲಸ, ಸಂಬಳ, ಪ್ರಾಣ ಎಲ್ಲವೂ ಆಳುವವರ ಕೈಯಲ್ಲೇ ಇದ್ದರೆ ಪಟ್ಟಿ ಬರೀ ಕಾಗದ, ಅಲ್ವಾ?

1787ರಲ್ಲಿ ಅಮೆರಿಕದಲ್ಲಿ ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು. ಹಕ್ಕುಗಳ ಪಟ್ಟಿಯನ್ನು ಅದಕ್ಕೆ ಸೇರಿಸಿದ್ದು ಆಮೇಲೆ, 1791ರಲ್ಲಿ. ಆದರೆ ನ್ಯಾಯಾಧೀಶರು ಹುದ್ದೆಯಲ್ಲಿ ಇರುವವರೆಗೂ ಅವರ ಸಂಬಳ ಕಡಿಮೆ ಮಾಡುವ ಹಾಗಿಲ್ಲ ಅನ್ನುವ ಸಾಲು ಮೊದಲಿನಿಂದಲೇ ಇತ್ತು. ಬಹಳ ಸಪ್ಪೆ ಸಾಲು ಅನ್ನಿಸಬಹುದು. ನನ್ನ ಮಟ್ಟಿಗೆ ದೊಡ್ಡ ದೊಡ್ಡ ಘೋಷಣೆಗಳಿಗಿಂತ ಇದರ ತೂಕವೇ ಜಾಸ್ತಿ.

ಜರ್ಮನಿಯ ಕಥೆ ಇನ್ನೂ ಕಷ್ಟದ್ದು. 1919ರ ಅವರ ಸಂವಿಧಾನ ಸುಮ್ನೆ ತೋರಿಕೆಗೆ ಬರೆದದ್ದಲ್ಲ. ಚುನಾವಣೆ, ಕೋರ್ಟು, ಹಕ್ಕು ಎಲ್ಲ ನಿಜವಾಗಿಯೂ ಇದ್ದವು. ಆದರೆ ಅದರ 48ನೇ ವಿಧಿಯಲ್ಲಿ ಒಂದು ಹಿಂಬಾಗಿಲು ಇತ್ತು. ದೇಶದಲ್ಲಿ ಶಾಂತಿ ಕದಡಿದರೆ ಅಧ್ಯಕ್ಷರು ಏಳು ಮೂಲಭೂತ ಹಕ್ಕುಗಳನ್ನು ‘ತಾತ್ಕಾಲಿಕವಾಗಿ’ ತಡೆಹಿಡಿಯಬಹುದಿತ್ತು. ತಾತ್ಕಾಲಿಕ ಅಂದರೆ ಎಷ್ಟು ದಿನ? ಬರೆದಿರಲಿಲ್ಲ. ಸಂಸತ್ತು ಬೇಡ ಅಂದರೆ ಅಂಥ ಆಜ್ಞೆಯನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು, ನಿಜ. ಆದರೆ ಸಂಸತ್ತನ್ನೇ ವಿಸರ್ಜಿಸುವ ಅಧಿಕಾರವೂ ಅಧ್ಯಕ್ಷರಿಗೇ ಇತ್ತು. 1930ರಲ್ಲಿ ಹಾಗೇ ಆಯಿತು. ಸಂಸತ್ತು ಒಂದು ತುರ್ತು ಆಜ್ಞೆಯನ್ನು ತಿರಸ್ಕರಿಸಿತು. ಅಧ್ಯಕ್ಷ ಹಿಂಡೆನ್‌ಬರ್ಗ್ ಸಂಸತ್ತನ್ನು ವಿಸರ್ಜಿಸಿ, ಅಂಥದ್ದೇ ಆಜ್ಞೆಯನ್ನು ಮತ್ತೆ ಹೊರಡಿಸಿದರು.

1933ರ ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೇ ದಿನವೇ ಅಧ್ಯಕ್ಷರ ತುರ್ತು ಆಜ್ಞೆಯಿಂದ ಏಳೂ ಹಕ್ಕುಗಳು ಹೋದವು. ಮಾರ್ಚ್ 23ರಂದು, ಸಂಸತ್ತನ್ನು ಕೇಳದೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತೇ ಹಿಟ್ಲರನ ಸರ್ಕಾರಕ್ಕೆ ಕೊಟ್ಟಿತು. ಪರವಾಗಿ 444 ಮತ, ವಿರುದ್ಧ 94. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ. ಆ ‘ತಾತ್ಕಾಲಿಕ’ ಆಜ್ಞೆ 1945ರವರೆಗೂ ನಡೆಯಿತು. ಹಳೆಯ ಸಂವಿಧಾನವನ್ನು ನಾಜಿಗಳು ಅಧಿಕೃತವಾಗಿ ರದ್ದು ಮಾಡಲೂ ಇಲ್ಲ. ರದ್ದು ಮಾಡುವ ಅಗತ್ಯವೇ ಅವರಿಗೆ ಬೀಳಲಿಲ್ಲ.

1949ರಲ್ಲಿ ಪಶ್ಚಿಮ ಜರ್ಮನಿ ಮತ್ತೆ ಬರೆಯಲು ಕೂತಾಗ ಮನುಷ್ಯನ ಘನತೆಯನ್ನು ಮೊದಲ ವಿಧಿಯಲ್ಲೇ ಇಟ್ಟಿತು. ಎಷ್ಟೇ ಬಹುಮತ ಇದ್ದರೂ ಅದರ ಮೂಲ ತತ್ವವನ್ನು ತಿದ್ದುವಂತಿಲ್ಲ ಅಂತಲೂ ಬರೆಯಿತು.

ಭಾರತದ ಸಂವಿಧಾನದಲ್ಲಿ ಅಂಥ ಸಾಲು ಇಲ್ಲ. 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 13 ನ್ಯಾಯಾಧೀಶರಲ್ಲಿ 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಆ ಏಳರಲ್ಲಿ ಎಚ್.ಆರ್. ಖನ್ನಾ ಒಬ್ಬರು. ಮೂರು ವರ್ಷಗಳ ನಂತರ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಬಂಧನ ಸರಿಯೇ ಎಂದು ಕೋರ್ಟಿನಲ್ಲಿ ಕೇಳುವ ಹಕ್ಕು ಬಂಧಿತರಿಗೆ ಇದೆಯೇ ಅನ್ನುವ ಪ್ರಶ್ನೆ ಬಂತು. ನಾಲ್ವರು ಇಲ್ಲ ಅಂದರು. ಇದೆ ಅಂದವರು ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

1978ರಲ್ಲಿ 44ನೇ ತಿದ್ದುಪಡಿ ಬಂತು. ತುರ್ತು ಪರಿಸ್ಥಿತಿ ಇದ್ದರೂ ಜೀವದ ಹಕ್ಕನ್ನು, ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತಡೆಹಿಡಿಯುವಂತಿಲ್ಲ ಎಂದು ಅದರಲ್ಲಿ ಬರೆದರು.