ಹಿಂಜವಡಿಗೆ ಹೋಗೋ ಕಾರಿಗೆ ಎಂಥ ಕ್ಯಾಮ್‌ಶಾಫ್ಟ್?

ಪುಣೆಯಲ್ಲಿ ಕೆಲಸಕ್ಕಿರುವ ನಮ್ಮ ಹುಬ್ಬಳ್ಳಿ, ಬೆಳಗಾವಿ ಕಡೆಯ ಹುಡುಗರಿಗೆ ಹಳೆ ಪೆಟ್ರೋಲ್ ಕಾರಿನ ಹುಚ್ಚು ಹತ್ತಿದರೆ ಮಾತು ಬೇಗನೆ ಕ್ಯಾಮ್‌ಶಾಫ್ಟಿಗೆ ಬಂದು ನಿಲ್ಲುತ್ತದೆ. "ಅಣ್ಣಾ, 280 ಡಿಗ್ರಿ ಕ್ಯಾಮ್ ಸಿಗತೈತಂತ, ಹಾಕಿಸಿಬಿಡ್ಲಿ?" ನಾನು ಕೇಳುವುದು ಒಂದೇ, ಕಾರು ದಿನಾ ಓಡೋದು ಎಲ್ಲಿ? ಕೋಥ್ರೂಡಿನಿಂದ ಐಟಿ ಕಂಪನಿಗಳಿರೋ ಹಿಂಜವಡಿಗೆ, ಅದೂ ಜಾಮಿನಲ್ಲಿ. ಅಂದರೆ ಎಂಜಿನ್ ಹೆಚ್ಚಿನ ಹೊತ್ತು 2500 ಆರ್‌ಪಿಎಂ (ನಿಮಿಷಕ್ಕೆ 2500 ಸುತ್ತು) ಒಳಗೇ ಇರುತ್ತದೆ.

ಕ್ಯಾಮ್‌ಶಾಫ್ಟ್ ಅಂದರೆ ಮೊಟ್ಟೆಯಾಕಾರದ ಉಬ್ಬುಗಳಿರುವ ದಂಡ. ಗಾಳಿಯನ್ನು ಒಳಗೆ ಬಿಡುವ ಇನ್‌ಟೇಕ್ ವಾಲ್ವ್, ಸುಟ್ಟ ಹೊಗೆಯನ್ನು ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್, ಇವನ್ನು ತೆರೆಯುವುದು ಈ ಉಬ್ಬುಗಳೇ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು. ಉಬ್ಬು ವಾಲ್ವನ್ನು ಎಷ್ಟು ತಳ್ಳುತ್ತದೋ ಅದು ಲಿಫ್ಟ್, ಎಷ್ಟು ಹೊತ್ತು ತೆರೆದಿಡುತ್ತದೋ ಅದು ಡ್ಯುರೇಶನ್. ಈ ಹೊತ್ತನ್ನು ಗಡಿಯಾರದಲ್ಲಿ ಹೇಳುವುದಿಲ್ಲ, ಕ್ರ್ಯಾಂಕ್ ತಿರುಗಿದ ಡಿಗ್ರಿಯಲ್ಲಿ ಹೇಳುತ್ತಾರೆ. ಗೊಂದಲ ಶುರುವಾಗೋದೇ ಇಲ್ಲಿ. 240 ಡಿಗ್ರಿ ಅಂದರೆ 6000 ಆರ್‌ಪಿಎಂನಲ್ಲಿ ಸುಮಾರು 6.7 ಮಿಲಿಸೆಕೆಂಡು. ಅದೇ 240 ಡಿಗ್ರಿ 1500ರಲ್ಲಿ ಸುಮಾರು 27 ಮಿಲಿಸೆಕೆಂಡು.

ಪಿಸ್ಟನ್ ತಳ ಮುಟ್ಟಿ ಮೇಲೇರಲು ಶುರುಮಾಡಿದರೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ವೇಗ ಜಾಸ್ತಿ ಇದ್ದಾಗ ಇದು ಲಾಭ. ಬ್ರೇಕ್ ಹಾಕಿದ ಬಸ್ಸಿನಲ್ಲಿ ಜನ ಮುಂದಕ್ಕೆ ವಾಲುತ್ತಾರಲ್ಲ, ಹಾಗೆ ರಭಸದಲ್ಲಿ ಬಂದ ಗಾಳಿ ಇನ್ನೂ ಒಳಗೆ ನುಗ್ಗುತ್ತಲೇ ಇರುತ್ತದೆ. ನಿಧಾನವಾಗಿ ಹೋಗುವಾಗ ಆ ರಭಸ ಇರಲ್ಲ. ಒಳಗೆ ಬಂದ ಗಾಳಿಯನ್ನೇ ಪಿಸ್ಟನ್ ವಾಪಸ್ ಹೊರಗೆ ದೂಡುತ್ತದೆ. ಎಂಜಿನ್ ಎಳೆಯುವುದು ಕಡಿಮೆಯಾಗುತ್ತದೆ. ದೊಡ್ಡ ಡ್ಯುರೇಶನ್ ಮೇಲಿನ ಆರ್‌ಪಿಎಂಗೆ ಕೊಡುವ ಶಕ್ತಿಯನ್ನು ಕೆಳಗಿನಿಂದ ಕಿತ್ತು ತರುತ್ತದೆ. ಮೊದಲೇ ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಮುಂಬೈಗಿಂತ ಇಲ್ಲಿ ಗಾಳಿಯ ಒತ್ತಡ ಶೇಕಡ 6ರಷ್ಟು ಕಡಿಮೆ. ಊರಿಗೆ ಬರುವಾಗ ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಬೇಕಾಗೋದು ಕೆಳಗಿನ ಎಳೆತವೇ, ಅಲ್ವಾ?

ಇನ್ನೊಂದು ಕಾಟ ಓವರ್‌ಲ್ಯಾಪಿನದು. ಎಕ್ಸಾಸ್ಟ್ ಪೂರ್ತಿ ಮುಚ್ಚುವ ಮೊದಲೇ ಇನ್‌ಟೇಕ್ ತೆರೆದಿರುವ ಹೊತ್ತದು. ಜಾಸ್ತಿಯಾದರೆ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗ, ಸುಟ್ಟ ಹೊಗೆ ಮತ್ತೆ ಒಳಗೆ ಬರುತ್ತದೆ, ಎಂಜಿನ್ ಗಡಗಡ ಅನ್ನುತ್ತದೆ. ಕೆಲವರಿಗೆ ಆ ಸದ್ದೇ ಇಷ್ಟ, ಇರಲಿ ಬಿಡಿ. ಆದರೆ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್ ಕೆಲಸ ಮಾಡುವುದು ಇನ್‌ಟೇಕಿನ ವ್ಯಾಕ್ಯೂಮ್‌ನಿಂದ. ಐಡ್ಲಿಂಗ್‌ನಲ್ಲಿ ಅದು ಬಿದ್ದರೆ, ಜಾಮಿನಲ್ಲಿ ಮೇಲಿಂದ ಮೇಲೆ ಬ್ರೇಕ್ ಒತ್ತುವಾಗ ಪೆಡಲ್ ಗಟ್ಟಿಯಾಗುತ್ತದೆ. ಪಿಯುಸಿ (ವಾಯುಮಾಲಿನ್ಯ ತಪಾಸಣೆ) ಕೇಂದ್ರದವರು ಹೊಗೆ ಅಳೆಯುವುದೂ ಐಡ್ಲಿಂಗ್‌ನಲ್ಲೇ.

ಕಾರ್ ಕಂಪನಿಗಳಿಗೂ ಇದೇ ಇಕ್ಕಟ್ಟು. ಹೋಂಡಾ 1989ರಲ್ಲಿ ತಂದ ವಿಟೆಕ್ ಒಂದೇ ದಂಡದ ಮೇಲೆ ಎರಡು ಥರದ ಉಬ್ಬು (ಲೋಬ್) ಇಟ್ಟು, ವೇಗಕ್ಕೆ ತಕ್ಕಂತೆ ಬದಲಿಸಿತು. ನಮ್ಮ ಹಳೆ ಎಂಜಿನ್ನಿಗೆ ಆ ಸೌಲಭ್ಯ ಇಲ್ಲ, ಒಂದನ್ನೇ ಆರಿಸಬೇಕು. ನನ್ನ ಪ್ರಕಾರ ಒರಿಜಿನಲ್‌ಗಿಂತ ಹತ್ತು ಡಿಗ್ರಿಯಷ್ಟು ಜಾಸ್ತಿ ಸಾಕು. ಲಿಫ್ಟ್ ಸ್ವಲ್ಪ ಏರಿಸಿದರೆ ಕೆಳಗಿನ ಎಳೆತಕ್ಕೆ ಅಷ್ಟು ಹೊಡೆತ ಬೀಳಲ್ಲ. ಡಬ್ಬದ ಮೇಲೆ ಬರೆದ ನಂಬರನ್ನು ಸುಮ್ನೆ ನಂಬಬೇಡಿ. ಎಷ್ಟು ಲಿಫ್ಟಿನಲ್ಲಿ ಅಳೆದದ್ದು ಅಂತ ಕೇಳಿ. 280 ಅಂತ ಬರೆದದ್ದು 1.27 ಮಿಲಿಮೀಟರ್ ಲಿಫ್ಟಿನಲ್ಲಿ ಅಳೆದರೆ 230ರ ಆಸುಪಾಸಿಗೆ ಇಳಿಯಬಹುದು.

ಲಿಫ್ಟ್ ಏರಿತೆಂದರೆ ವಾಲ್ವ್ ಪಿಸ್ಟನ್ನಿಗೆ ತೀರಾ ಹತ್ತಿರ ಬರುತ್ತದೆ. ಇದನ್ನು ನೋಡುವ ರೀತಿ ನನಗೆ ಬಹಳ ಇಷ್ಟ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ, ಮಕ್ಕಳು ಆಡುವ ಕ್ಲೇಯನ್ನು ಪಿಸ್ಟನ್ ತಲೆಗೆ ಮೆತ್ತುತ್ತಾರೆ. ಹೆಡ್ಡು, ಬೆಲ್ಟು ಮತ್ತೆ ಕೂರಿಸಿ ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ಮೆಲ್ಲಗೆ ತಿರುಗಿಸುತ್ತಾರೆ. ಬಿಚ್ಚಿದರೆ ಕ್ಲೇ ಮೇಲೆ ವಾಲ್ವಿನ ಅಚ್ಚು. ಬ್ಲೇಡಿನಿಂದ ಕೊಯ್ದು, ತೆಳ್ಳಗಿರುವ ಕಡೆ ದಪ್ಪ ಅಳೆಯಲು ವರ್ನಿಯರ್ ಹಿಡಿಯಬೇಕು. ಸಾಮಾನ್ಯವಾಗಿ ಇನ್‌ಟೇಕಿಗೆ 2 ಮಿಲಿಮೀಟರ್, ಎಕ್ಸಾಸ್ಟಿಗೆ 2.5 ಆದರೂ ಇರಬೇಕು ಅನ್ನುತ್ತಾರೆ. ಅಷ್ಟು ಇಲ್ಲದಿದ್ದರೆ ಕ್ಯಾಮ್ ಅಂಗಡಿಗೆ ವಾಪಸ್. ಇದ್ದರೆ ಹೊಸ ವಾಲ್ವ್ ಸ್ಪ್ರಿಂಗಿಗೂ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗಿಗೂ ದುಡ್ಡು ತೆಗೆದಿಡಿ.