ನಿಷೇಧಿತ ಮಾಟ ಕಲಿತ ಆಟಗಾರನನ್ನು ಯಾರು ಕೇಳುತ್ತಾರೆ?

ಬ್ಲಡ್ ಮ್ಯಾಜಿಕ್, ಅಂದರೆ ರಕ್ತ ಬಳಸಿ ಮಾಡುವ ಮಾಟ, ಸರಿಯೋ ತಪ್ಪೋ ಅಂತ ಕಂಪ್ಯೂಟರ್‌ನಲ್ಲಿ ಫ್ಯಾಂಟಸಿ ಆಟ ಆಡುವವರು ವಾದ ಶುರು ಮಾಡಿ ಹದಿನೈದು ವರ್ಷ ದಾಟಿದೆ. ವಾದ ಮುಗಿದಿಲ್ಲ, ಗೋಜಲು ಮಾತ್ರ ಜಾಸ್ತಿಯಾಗಿದೆ. ಒಬ್ಬರು ಡ್ರ್ಯಾಗನ್ ಏಜ್ ಆಟದ ಬಗ್ಗೆ ಹೇಳುತ್ತಿದ್ದರೆ ಇನ್ನೊಬ್ಬರು ಸ್ಕೈರಿಮ್‌ನಲ್ಲಿ ಹೆಣ ಎಬ್ಬಿಸುವ ಮಂತ್ರ ತರುತ್ತಾರೆ, ಮತ್ತೊಬ್ಬರು ಬಾಲ್ಡರ್ಸ್ ಗೇಟ್ 3ರಲ್ಲಿ ತಲೆಯೊಳಗೆ ಸೇರಿ ಶಕ್ತಿ ಕೊಡುವ ಹುಳದ ಕಥೆ ತೆಗೆಯುತ್ತಾರೆ. ಮೂರೂ ಬೇರೆ ಬೇರೆ ವಿಷಯ. ಮೊದಲನೆಯದರಲ್ಲಿ ನಿಷೇಧ ಹೇರಿದ್ದು ಧರ್ಮಸಂಸ್ಥೆ. ಎರಡನೆಯದರಲ್ಲಿ ಮಾಂತ್ರಿಕರ ಕಾಲೇಜೇ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಮೂರನೆಯದರಲ್ಲಿ ತಡೆಯುವುದು ಆಡುವವರ ಭಯ ಮಾತ್ರ. ಸ್ವಲ್ಪ ಹಿಂದಿನಿಂದ ನೋಡಿದರೆ ಎಳೆ ಸಿಗುತ್ತದೆ.

ಮೊದಮೊದಲು ನಿಷೇಧ ಇದ್ದದ್ದು ಆಟದ ಒಳಗಲ್ಲ, ಹೊರಗೆ. 1974ರಲ್ಲಿ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂತು. ಎಂಬತ್ತರ ದಶಕದಲ್ಲಿ ಅದು ಮಕ್ಕಳಿಗೆ ಸೈತಾನನ ಪೂಜೆ ಕಲಿಸುತ್ತದೆ ಅಂತ ಅಮೆರಿಕದಲ್ಲಿ ಗಲಾಟೆ ಎದ್ದಿತು. 1989ರ ಎರಡನೇ ಆವೃತ್ತಿ ಬರುವಷ್ಟರಲ್ಲಿ ಡೀಮನ್, ಡೆವಿಲ್ ಎಂಬ ಪದಗಳನ್ನೇ ತೆಗೆದುಹಾಕಲಾಗಿತ್ತು. 1991ರಲ್ಲಿ ಸೂಪರ್ ನಿಂಟೆಂಡೊ ಎಂಬ ಆಟದ ಯಂತ್ರದ ಮೂಲಕ ಅಮೆರಿಕ ತಲುಪಿದ ಫೈನಲ್ ಫ್ಯಾಂಟಸಿಯಲ್ಲಿ ಹೋಲಿ (ಪವಿತ್ರ) ಎಂಬ ಮಂತ್ರದ ಹೆಸರು ವೈಟ್ (ಬಿಳಿ) ಆಗಿಬಿಟ್ಟಿತ್ತು. ಕೆಟ್ಟ ಪದಕ್ಕಷ್ಟೇ ಅಲ್ಲ, ಪವಿತ್ರ ಎನ್ನುವ ಪದಕ್ಕೂ ಅಂಜುತ್ತಿದ್ದ ಕಾಲ.

ಇದೇ ಹೊತ್ತಿನಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ರಿಚರ್ಡ್ ಗ್ಯಾರಿಯಟ್ ಅವರ ಅಲ್ಟಿಮಾ ಆಟದ ಡಬ್ಬಿಯ ಮೇಲೆ ರಾಕ್ಷಸನ ಚಿತ್ರ ನೋಡಿ ತಂದೆತಾಯಂದಿರು ಸಿಟ್ಟಿನಿಂದ ಪತ್ರ ಬರೆದಿದ್ದರು. ಗ್ಯಾರಿಯಟ್ ಅದನ್ನು ತಳ್ಳಿಹಾಕದೆ ಯೋಚಿಸಿದರು. 1985ರ ಅಲ್ಟಿಮಾ 4ರಲ್ಲಿ ಕೊಲ್ಲಬೇಕಾದ ದುಷ್ಟ ದೊರೆಯೇ ಇಲ್ಲ. ಎಂಟು ಸದ್ಗುಣಗಳಲ್ಲಿ ಬದುಕಿ ತೋರಿಸಬೇಕು, ಅಷ್ಟೇ. ಕಣ್ಣು ಕಾಣದ ಅಂಗಡಿಯವಳಿಗೆ ಕಡಿಮೆ ದುಡ್ಡು ಕೊಟ್ಟರೆ ಆಕೆ ಏನೂ ಅನ್ನುವುದಿಲ್ಲ, ಪರದೆಯ ಮೇಲೂ ಏನೂ ಕಾಣುವುದಿಲ್ಲ, ಆದರೆ ಆಟ ಒಳಗೊಳಗೇ ಲೆಕ್ಕ ಇಡುತ್ತದೆ.

ಮಾಟವನ್ನೇ ಕಾನೂನುಬಾಹಿರ ಮಾಡಿದ ಆಟಗಳಲ್ಲಿ ನನಗೆ ಮೊದಲು ನೆನಪಾಗುವುದು 2000ದ ಬಾಲ್ಡರ್ಸ್ ಗೇಟ್ 2. ಆಥ್ಕಾಟ್ಲಾ ನಗರದ ಬೀದಿಯಲ್ಲಿ ಮಂತ್ರ ಹಾಕಿದರೆ ಮುಸುಕು ತೊಟ್ಟ ಮಾಂತ್ರಿಕರು ಥಟ್ಟನೆ ಪ್ರತ್ಯಕ್ಷರಾಗಿ ಎಚ್ಚರಿಕೆ ಕೊಡುತ್ತಾರೆ. ಮತ್ತೆ ಹಾಕಿದರೆ ಕೊಲ್ಲಲು ಬರುತ್ತಾರೆ. ಆದರೆ ಐದು ಸಾವಿರ ಚಿನ್ನದ ನಾಣ್ಯ ಕೊಟ್ಟರೆ ಪರವಾನಗಿ ಸಿಗುತ್ತದೆ. ಪೂಜಾರಿಗಳ ಮಂತ್ರಕ್ಕೆ ಯಾವ ತಡೆಯೂ ಇಲ್ಲ. ದುಡ್ಡಿದ್ದವರಿಗೆ ಕಾನೂನು ಬಗ್ಗುತ್ತದೆ ಅನ್ನುವುದನ್ನು ಒಂದು ಸಂಭಾಷಣೆಯೂ ಇಲ್ಲದೆ ಹೇಳಿಬಿಟ್ಟಿತ್ತು ಆ ಆಟ. ಆದರೂ ಅಲ್ಲಿ ಮನಸ್ಸು ಕದಡುವ ಪ್ರಶ್ನೆ ಇರಲಿಲ್ಲ. ದುಡ್ಡು ಕೂಡಿಸಿದರೆ ಮುಗಿಯಿತು.

2006ರ ಆಬ್ಲಿವಿಯನ್ ಎಂಬ ಆಟದಲ್ಲಿ ಆ ಪ್ರಶ್ನೆ ಸ್ವಲ್ಪ ಹತ್ತಿರ ಬಂತು. ಮಾಂತ್ರಿಕರ ಸಂಘದ ಮುಖ್ಯಸ್ಥ ಟ್ರೇವನ್ ಹೆಣದ ಮಾಟಕ್ಕೆ ನಿಷೇಧ ಹೇರಿದ್ದ, ಅದರಿಂದ ಸಂಘವೇ ಒಡೆದಿತ್ತು. ಕೊನೆಗೆ ಶತ್ರುವಿನ ವಶವಾಗದಂತೆ ನಮ್ಮನ್ನು ಕಾಪಾಡಲು ಅವನು ತನ್ನ ಆತ್ಮವನ್ನೇ ದೊಡ್ಡದೊಂದು ಕಪ್ಪು ಆತ್ಮಮಣಿಯಲ್ಲಿ ತುಂಬಿಸಿ ಸಾಯುತ್ತಾನೆ. ಜೀವನವಿಡೀ ಯಾವುದನ್ನು ವಿರೋಧಿಸಿದನೋ ಅದರ ಸಾಧನವನ್ನೇ ಕೈಗೆತ್ತಿಕೊಂಡು. ಅದನ್ನು ನೋಡಿ ನಾನು ಸುಮ್ನೆ ಕೂತುಬಿಟ್ಟಿದ್ದೆ. ಆದರೆ ಆ ನಿರ್ಧಾರ ಅವನದು, ನಮ್ಮದಲ್ಲ.

ನಮ್ಮದಾಗಿದ್ದು 2009ರಲ್ಲಿ, ಡ್ರ್ಯಾಗನ್ ಏಜ್: ಒರಿಜಿನ್ಸ್ ಬಂದಾಗ. ಆ ಲೋಕದಲ್ಲಿ ಮಾಂತ್ರಿಕ ಶಕ್ತಿ ಇರುವ ಮಕ್ಕಳನ್ನು ಮನೆಯಿಂದ ಒಯ್ದು ಸರ್ಕಲ್ ಎಂಬ ಗೋಪುರದಲ್ಲಿ ಇಡುತ್ತಾರೆ, ಟೆಂಪ್ಲರ್ ಸೈನಿಕರು ಕಾವಲಿರುತ್ತಾರೆ. ಪರೀಕ್ಷೆಯ ಹೆಸರಲ್ಲಿ ಒಬ್ಬೊಬ್ಬರನ್ನೇ ಪಿಶಾಚಿಯ ಎದುರು ನಿಲ್ಲಿಸುತ್ತಾರೆ. ಸೋತರೆ ಅಲ್ಲೇ ಕೊಲೆ. ಪರೀಕ್ಷೆಗೆ ಕಳಿಸಲು ಮನಸ್ಸಿಲ್ಲದಿದ್ದರೆ ಭಾವನೆಗಳನ್ನೇ ಅಳಿಸಿ ಟ್ರ್ಯಾಂಕ್ವಿಲ್ ಮಾಡಿಬಿಡುತ್ತಾರೆ. ರಕ್ತ ಬಳಸುವ ಮಾಟಕ್ಕೆ ಚಾಂಟ್ರಿ ಎಂಬ ಧರ್ಮಸಂಸ್ಥೆಯ ಸಂಪೂರ್ಣ ನಿಷೇಧ. ಗೋಪುರದ ಕಥೆಯಲ್ಲಿ ಜೋವನ್ ಎಂಬ ಗೆಳೆಯ, ನಾನು ಅಂಥದ್ದೇನೂ ಮಾಡಿಲ್ಲ ಅಂತ ನಮಗೆ ಹೇಳಿರುತ್ತಾನೆ. ಸಿಕ್ಕಿಬಿದ್ದಾಗ ಚಾಕು ತೆಗೆದು ತನ್ನ ಕೈಗೇ ಚುಚ್ಚಿಕೊಳ್ಳುತ್ತಾನೆ. ಎದುರಿದ್ದವರೆಲ್ಲ ಉರುಳಿಬೀಳುತ್ತಾರೆ. ಅವನಿಗಾಗಿ ಎಲ್ಲವನ್ನೂ ಬಿಡಲು ಸಿದ್ಧಳಾಗಿದ್ದ ಲಿಲಿ ಹಿಂದೆ ಸರಿದು, ಹತ್ತಿರ ಬರಬೇಡ ಅನ್ನುತ್ತಾಳೆ. ಅವನು ಒಬ್ಬನೇ ಓಡಿಹೋಗುತ್ತಾನೆ.

ಇದೇ ಜೋವನ್ ಮತ್ತೆ ಸಿಗುವುದು ರೆಡ್‌ಕ್ಲಿಫ್ ಕೋಟೆಯಲ್ಲಿ. ಅಲ್ಲಿ ಕಾನರ್ ಎಂಬ ಪುಟ್ಟ ಹುಡುಗ. ಮಗನನ್ನು ಗೋಪುರಕ್ಕೆ ಒಯ್ಯುತ್ತಾರೆ ಎಂಬ ಭಯಕ್ಕೆ ತಾಯಿ ಇಸೋಲ್ಡ್ ಅವನ ಶಕ್ತಿಯನ್ನು ಮುಚ್ಚಿಟ್ಟು, ಗುಟ್ಟಾಗಿ ಪಾಠ ಹೇಳಲು ಜೋವನ್‌ನನ್ನು ಇಟ್ಟುಕೊಂಡಿರುತ್ತಾಳೆ. ಆ ಜೋವನ್ ಬಂದದ್ದು ಹುಡುಗನ ತಂದೆಗೆ ವಿಷ ಹಾಕಲು. ಅಪ್ಪ ಬದುಕಲಿ ಅಂತ ಹುಡುಗ ಪಿಶಾಚಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ, ಊರು ಹಾಳಾಗುತ್ತದೆ. ಈಗ ನಾವು ಏನು ಮಾಡಬೇಕು? ಹುಡುಗನನ್ನು ಕೊಲ್ಲಬಹುದು. ಇಲ್ಲವೇ ತಾಯಿ ತನ್ನ ಜೀವ ಕೊಡಲು ಮುಂದೆ ಬರುತ್ತಾಳೆ, ಅವಳ ರಕ್ತದಿಂದ ಮಾಟ ಮಾಡಿ ಪಿಶಾಚಿಯ ಲೋಕಕ್ಕೆ ದಾರಿ ತೆರೆಯಬಹುದು. ಒಪ್ಪಿಗೆಯಿಂದ ಕೊಟ್ಟ ರಕ್ತವೂ ಪಾಪವೇ? ಇದಕ್ಕಿಂತ ಗಟ್ಟಿಯಾದ ಪ್ರಶ್ನೆಯನ್ನು ನಾನು ಬೇರೆ ಯಾವ ಆಟದಲ್ಲೂ ನೋಡಿಲ್ಲ.

ಆದರೆ ಮೂರನೇ ದಾರಿಯೂ ಇದೆ. ಗೋಪುರದ ಮಾಂತ್ರಿಕರ ಸಹಾಯ ಕೇಳಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹೋಗಿ ಬರುವಷ್ಟರಲ್ಲಿ ಏನೂ ಅನಾಹುತ ಆಗುವುದಿಲ್ಲ. ಅದು ಗೊತ್ತಾದ ಕೂಡಲೇ ಆ ಗಟ್ಟಿ ಪ್ರಶ್ನೆ ಅರ್ಧ ಕರಗಿಹೋಗುತ್ತದೆ. ಇನ್ನರ್ಧ ಕರಗುವುದು ಪಿಶಾಚಿಯ ಮುಂದೆ. ಆಕೆ ಒಂದು ಆಸೆ ತೋರಿಸುತ್ತಾಳೆ: ಈಗ ಹುಡುಗನನ್ನು ಬಿಡುತ್ತೇನೆ, ಮುಂದೊಂದು ದಿನ ಮತ್ತೆ ಬರುತ್ತೇನೆ, ಅದಕ್ಕೆ ಒಪ್ಪಿದರೆ ನಿನಗೆ ರಕ್ತದ ಮಾಟ ಕಲಿಸುತ್ತೇನೆ. ತುಂಬ ಜನ ಮಾಡಿದ್ದು ಇಷ್ಟೇ. ಆಟವನ್ನು ಸೇವ್ ಮಾಡಿ, ಒಪ್ಪಿಕೊಂಡು, ವಿದ್ಯೆ ಸಿಕ್ಕ ಕೂಡಲೇ ಹಳೆಯ ಸೇವ್‌ಗೆ, ಅಂದರೆ ಒಪ್ಪುವ ಮುಂಚಿನ ಕ್ಷಣಕ್ಕೆ, ಮರಳುವುದು. ಒಮ್ಮೆ ತೆರೆದ ವಿದ್ಯೆ ಮತ್ತೆ ಮುಚ್ಚುವುದಿಲ್ಲ. ಹುಡುಗನೂ ಉಳಿದ, ವಿದ್ಯೆಯೂ ಬಂತು. ನಾನೂ ಹಾಗೇ ಮಾಡಿದ್ದೆ, ಅದರ ಬಗ್ಗೆ ಇವತ್ತಿಗೂ ಬೇಜಾರಿದೆ. ಆಮೇಲೆ ಜೊತೆಗಾರರ ರಕ್ತ ಹೀರಿ ಮಂತ್ರ ಹಾಕುತ್ತಾ ಊರೂರು ಸುತ್ತಿದರೂ ಹೆಚ್ಚುಕಡಿಮೆ ಯಾರೂ ತುಟಿ ಬಿಚ್ಚುವುದಿಲ್ಲ, ಟೆಂಪ್ಲರ್‌ಗಳೂ ಕಂಡೂ ಕಾಣದಂತೆ ಇರುತ್ತಾರೆ.

2011ರ ಎರಡನೇ ಭಾಗ ಈ ಸಿಕ್ಕನ್ನು ಜನರ ಮೂಲಕ ಹೇಳಲು ನೋಡಿತು. ಮೆರಿಲ್ ಎಂಬ ಮೆತ್ತಗಿನ ಹುಡುಗಿ ತನ್ನ ಜನರ ಕಳೆದುಹೋದ ವಿದ್ಯೆಗಾಗಿ ತನ್ನದೇ ರಕ್ತ ಬಳಸುತ್ತಾಳೆ, ಬೇರೆಯವರದ್ದಲ್ಲ. ಅದರ ಬೆಲೆ ತೆತ್ತಿದ್ದು ಅವಳನ್ನು ಸಾಕಿದ ಗುರು. ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ಕೊನೆಯಲ್ಲಿ ಕೆಡಿಸಿಕೊಂಡಿತು ಅಂತ ನನಗನ್ನಿಸುತ್ತದೆ: ಮಾಂತ್ರಿಕರು ಮತ್ತು ಟೆಂಪ್ಲರ್‌ಗಳ ಜಗಳದಲ್ಲಿ ನಾವು ಮಾಂತ್ರಿಕರ ಪರ ನಿಂತರೂ ಅವರ ಮುಖಂಡ ಒರ್ಸಿನೋ ರಕ್ತದ ಮಾಟಕ್ಕಿಳಿದು ಭೂತಾಕಾರನಾಗುತ್ತಾನೆ. ಅಷ್ಟು ಹೊತ್ತು ಯೋಚಿಸಿ ಪಕ್ಷ ಆರಿಸಿಕೊಂಡಿದ್ದಕ್ಕೆ ಅರ್ಥವೇ ಇಲ್ಲದಂತಾಯಿತು, ಅಲ್ವಾ?

2014ರ ಮೂರನೇ ಭಾಗ ಇನ್‌ಕ್ವಿಸಿಷನ್‌ನಲ್ಲಿ ಆಟಗಾರನ ಕೈಯಿಂದ ರಕ್ತದ ಮಾಟವನ್ನೇ ತೆಗೆದರು. ಸಾವಿನತ್ತ ಸೆಳೆಯಲ್ಪಡುವ ಆತ್ಮಗಳನ್ನು ಬಳಸುವ ವಿದ್ಯೆ ಕಲಿಯಬಹುದು, ರಕ್ತದ್ದು ಮಾತ್ರ ಇಲ್ಲ. ಯಾರೂ ಪ್ರಶ್ನಿಸುವುದಿಲ್ಲ ಅನ್ನುವ ದೂರಿಗೆ ಪ್ರಶ್ನಿಸುವವರನ್ನು ತರಬಹುದಿತ್ತು.

ಬೇರೆ ಆಟ ಮಾಡುವವರು ಬೇರೆ ದಾರಿ ಹಿಡಿದರು. ಸ್ಕೈರಿಮ್‌ನಲ್ಲಿ ಮನುಷ್ಯರ ಆತ್ಮವನ್ನು ಮಣಿಗೆ ತುಂಬಿ ಕತ್ತಿಗೆ ಶಕ್ತಿ ಕೊಡುವುದು ಮಾಮೂಲಿ ಕೆಲಸ ಆಗಿಬಿಟ್ಟಿತ್ತು. 2012ರ ಡಾನ್‌ಗಾರ್ಡ್ ಸೇರ್ಪಡೆಯಲ್ಲಿ ಆ ಆತ್ಮಗಳು ಹೋಗಿ ಸೇರುವ ಸೋಲ್ ಕೇರ್ನ್‌ಗೇ ನಮ್ಮನ್ನು ಕರೆದೊಯ್ಯುತ್ತಾರೆ. ಮಸುಕು ಬೆಳಕಿನಲ್ಲಿ ಅಲೆಯುವವರು ನಿಂತು ಮಾತಾಡುತ್ತಾರೆ. 2017ರ ಡಿವಿನಿಟಿ: ಒರಿಜಿನಲ್ ಸಿನ್ 2ರಲ್ಲಿ ಸೋರ್ಸ್ ಎಂಬ ಮಾಂತ್ರಿಕ ಶಕ್ತಿ ಇದ್ದವರ ಕೊರಳಿಗೆ ಪಟ್ಟಿ ಹಾಕಿ ಫೋರ್ಟ್ ಜಾಯ್ ದ್ವೀಪದಲ್ಲಿ ಕೂಡಿಹಾಕುತ್ತಾರೆ. ಪಟ್ಟಿ ಕಳಚಿದ ಮೇಲೆ ನಮಗೇ ಒಂದು ವಿದ್ಯೆ ಸಿಗುತ್ತದೆ: ಸತ್ತವರ ಆತ್ಮವನ್ನು ನುಂಗಿ ಶಕ್ತಿ ತುಂಬಿಕೊಳ್ಳುವುದು. ಆ ಆತ್ಮದ ಜೊತೆ ಮಾತಾಡಿ, ಅದರ ಕಥೆ ಕೇಳಿ, ಆಮೇಲೂ ನುಂಗಬಹುದು. ಸೆರೆಮನೆ ಕಟ್ಟಿದವರ ಭಯ ಪೂರ್ತಿ ಸುಳ್ಳಲ್ಲ ಅಂತ ನಮ್ಮ ಕೈಯೇ ಹೇಳುವ ಕ್ಷಣ ಅದು.

ಅದೇ ಸ್ಟುಡಿಯೊದ ಬಾಲ್ಡರ್ಸ್ ಗೇಟ್ 3 ಬಂದದ್ದು 2023ರಲ್ಲಿ. ತಲೆಯೊಳಗಿನ ಹುಳದ ಶಕ್ತಿ ಬಳಸಿದರೆ ಏನೋ ಭಯಂಕರ ಕಾದಿದೆ ಅಂತ ಅಂಜಿ ಎಷ್ಟೋ ಜನ ಅದನ್ನು ಮುಟ್ಟಲೇ ಇಲ್ಲ. ಹುಳದಿಂದಾಗುವ ಅರ್ಧ ರೂಪಾಂತರಕ್ಕೆ ಒಪ್ಪಿದವರಿಗೆ ಮುಖದ ಮೇಲೆ ಕಪ್ಪು ನರಗಳು ಎದ್ದವು. ಅದರಾಚೆ ಹೇಳಿಕೊಳ್ಳುವಂಥ ಬೆಲೆ ತೆರಬೇಕಾಗಲಿಲ್ಲ.

2024ರಲ್ಲಿ ಡ್ರ್ಯಾಗನ್ ಏಜ್ ಮರಳಿತು, ಈ ಸಲ ಕಥೆ ನಡೆಯುವುದು ಮಾಂತ್ರಿಕರೇ ಆಳುವ ಟೆವಿಂಟರ್ ನಾಡಿನ ಕಡೆಗೆ. ಅಲ್ಲಿ ರಕ್ತದ ಮಾಟಕ್ಕೆ ಹೆಸರಿಗೆ ನಿಷೇಧ, ತೆರೆಮರೆಯಲ್ಲಿ ಬಳಕೆ. ಶತ್ರುಗಳು ಕಣ್ಣೆದುರೇ ಅದನ್ನು ಮಾಡುತ್ತಾರೆ. ಆಟಗಾರನ ವಿದ್ಯೆಗಳ ಪಟ್ಟಿಯಲ್ಲಿ ಮಾತ್ರ ಅದಿಲ್ಲ. ನಾನು ಅದನ್ನು ಮುಗಿಸಿ ಮತ್ತೆ 2009ರ ಆಟ ತೆರೆದೆ. ಈ ಸಲ ಹಳೆಯ ಸೇವ್‌ಗೆ ಮರಳಲಿಲ್ಲ.